ಸೆಕೆಂಡ್ ಹ್ಯಾಂಡ್ ಹೆಡ್‌ಫೋನ್

"ಮೈಕ್ ಸ್ಟ್ಯಾಂಡ್ ತಗೊಳ್ಳೋದು ಬೇಡ. ಅದನ್ನ ನಾನೇ ಮರದಲ್ಲಿ ಮಾಡ್ತೀನಿ."

ಹೋದ ವಾರ ಬಸ್ಸಿನಲ್ಲಿ ಅವನ ಎಡಪಕ್ಕ ಕಿಟಕಿಯ ಸೀಟಿನಲ್ಲಿ ಕೂತು, ಇಡೀ ದಾರಿ ಧೈರ್ಯ ಕೂಡಿಸಿಕೊಂಡು, "ಸ್ಟುಡಿಯೋ ಒಂದೇ ಅಲ್ಲ, ನಿನ್ನ ಜೊತೆ ಮನೆನೂ ಬೇಕು ನನಗೆ" ಎಂದು ಮೆಲ್ಲಗೆ ಹೇಳಿದ್ದಕ್ಕೆ ನನ್ನ ಈ ಬಡಗಿ ಗೆಳೆಯ ಕೊಟ್ಟ ಉತ್ತರ ಇದು. ಮೈಕ್ ಸ್ಟ್ಯಾಂಡ್ ಅಂತೆ! ಮೈಯೆಲ್ಲ ಉರಿದುಹೋಯಿತು. ಇಷ್ಟವಿಲ್ಲದಿದ್ದರೆ ಇಲ್ಲ ಅನ್ನಬೇಕು, ಹೀಗೆ ಮಾತು ತೇಲಿಸುವುದು ಯಾವ ನ್ಯಾಯ? ಅವತ್ತಿನಿಂದ ಅವನ ಜೊತೆ ಅಳೆದು ತೂಗಿ ಮಾತಾಡುತ್ತಿದ್ದೆ. ಅವನೂ ಮುಖ ಸಣ್ಣದು ಮಾಡಿಕೊಂಡು ಓಡಾಡುತ್ತಿದ್ದ.

ಆದರೂ ಶನಿವಾರ ಮಧ್ಯಾಹ್ನ ಇಬ್ಬರೂ ಸಂಗೀತದ ಸಾಮಾನಿನ ಅಂಗಡಿಗೆ ಬಂದೆವು. ಬರಲೇಬೇಕಿತ್ತು. ನಮ್ಮ ಸ್ಟುಡಿಯೋಗೆಂದು ಅಕ್ಕ ತನ್ನ ಮನೆಯ ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದಳು. ಭಾವ ಗೊಣಗುತ್ತಲೇ ಅಲ್ಲಿದ್ದ ಹಳೇ ಮಂಚ ಸಾಗಿಸಿದ್ದರು. ನಾನು ಪರದೆ ಹೊಲಿಯುವವಳು. ಹೊಲಿಗೆ ಅಂಗಡಿಯಲ್ಲಿ ಉಳಿದ ದಪ್ಪ ಬಟ್ಟೆಯನ್ನೆಲ್ಲ ಕೂಡಿಸಿ ತಂದಿದ್ದೆ. ಅವನು ಮರದ ಚೌಕಟ್ಟು ಮಾಡಿ, ಒಳಗೆ ಹಳೇ ಕಂಬಳಿ ತುಂಬಿ, ಮೇಲೆ ನನ್ನ ಬಟ್ಟೆ ಹೊದಿಸಿ ಗೋಡೆಗೆ ಹೊಡೆದಿದ್ದ. ಈಗ ಅಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಅಡಗುತ್ತಿತ್ತು. ಹಾಡುವುದು ನಾನು, ಗಿಟಾರ್ ನುಡಿಸಿ ರೆಕಾರ್ಡಿಂಗ್ ಹದ ಮಾಡುವುದು ಅವನು ಎಂದು ಮೊದಲೇ ಮಾತಾಗಿತ್ತು.

ಅಂಗಡಿಯವರು ಬಾಯಿತುಂಬ ಮಾತಾಡುವ ಮನುಷ್ಯ. "ಮೇಡಂ, ಮೊದಲು ಹೇಳಿ, ಕೋಣೆ ಪಕ್ಕ ಏನಿದೆ?"

"ಅಡುಗೆಮನೆ. ಅಕ್ಕನ ಮಿಕ್ಸಿ. ಆಚೆ ಕಡೆ ಭಾವನ ಟಿವಿ."

"ಹಾಗಾದ್ರೆ ಆ ದುಬಾರಿ ಮೈಕ್ ಕಡೆ ಕಣ್ಣೂ ಹಾಕ್ಬೇಡಿ. ಅದಕ್ಕೆ ಪಕ್ಕದ ಮನೆ ಜಗಳನೂ ಕೇಳಿಸುತ್ತೆ. ಇದು ತಗೊಳ್ಳಿ, ಹತ್ತಿರ ಬಂದು ಹಾಡಿದ್ದು ಮಾತ್ರ ಹಿಡಿಯುತ್ತೆ."

"ಹತ್ತಿರ ಬಂದು ಹೇಳಿದ್ರೂ ಹಿಡಿಯದವರು ಇರ್ತಾರೆ ಬಿಡಿ" ಎಂದೆ, ಬಡಗಿಯತ್ತ ತಿರುಗಿ.

ಅವನು ನೋಡುತ್ತಿದ್ದ ಕೇಬಲ್ ಬಿಟ್ಟು ತಲೆ ಎತ್ತಿದ. ಹುಬ್ಬಿಗೆ ಮರದ ಪುಡಿ ಮೆತ್ತಿಕೊಂಡಿತ್ತು. ಒರೆಸಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಡಬ್ಬಿಗೆ ಇಂಟರ್‌ಫೇಸ್ ಅನ್ನುತ್ತಾರೆ. ಅಂಗಡಿಯವರು ಎರಡು ತಂದಿಟ್ಟರು. ಒಂದಕ್ಕೆ ಒಂದೇ ಮೈಕ್ ಹಾಕಬಹುದು, ಇನ್ನೊಂದಕ್ಕೆ ಎರಡು.

"ಒಂದರದ್ದೇ ಸಾಕು" ಎಂದ ಅವನು.

"ನಿನ್ನ ಗಿಟಾರ್?"

"ಆಮೇಲೆ ನೋಡೋಣ."

ನಮ್ಮ ಸ್ಟುಡಿಯೋದಿಂದ ಅವನು ತನ್ನನ್ನು ತಾನೇ ಕಳೆದುಬಿಟ್ಟಿದ್ದ. ಬಸ್ಸಿನಲ್ಲಿ ಬಾಯಿಬಿಟ್ಟು ಹೇಳದಿದ್ದುದನ್ನು ಈಗ ಹೀಗೆ ಹೇಳುತ್ತಿದ್ದಾನೆ ಅಂದುಕೊಂಡೆ.

ಸ್ಪೀಕರ್ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಹೆಡ್‌ಫೋನ್ ಸಾಕೆಂದೆವು. ಯಾರೋ ಬಳಸಿ ಮಾರಿಹೋದ ಒಂದನ್ನು ಅಂಗಡಿಯವರು ಕಪಾಟಿನಿಂದ ತೆಗೆದರು. ನಾನು ಮೈಕಿಗೆ ಎರಡು ಸಾಲು ಹಾಡಿ ರೆಕಾರ್ಡ್ ಮಾಡಿದೆ. ಅವನು ಹೆಡ್‌ಫೋನ್ ಹಾಕಿಕೊಂಡು ಅದನ್ನು ಕಣ್ಣು ಮುಚ್ಚಿ ಕೇಳಿದ. ಎಷ್ಟು ಸಿಟ್ಟಿದ್ದರೂ ಆ ಮುಖ ನೋಡದೆ ಇರಲಾಗಲಿಲ್ಲ. ನನ್ನ ಹಾಡು ಕೇಳುವಾಗ ಅವನ ತುಟಿ ತಾನಾಗಿ ಸಡಿಲವಾಗುತ್ತದೆ.

"ತುಂಬ ಚೆನ್ನಾಗಿದೆ. ಇದೇ ಇರ್ಲಿ."

ನಾನು ಹಾಕಿಕೊಂಡೆ. ಹಾಡು ಬಲಗಡೆಯಿಂದ ಮಾತ್ರ ಬರುತ್ತಿತ್ತು. ಎಡಗಡೆ ಪಿಟ್ಟೆನ್ನಲಿಲ್ಲ.

"ನಿನ್ನ ತಲೆ! ಒಂದು ಕಡೆ ಕೆಟ್ಟೇ ಹೋಗಿದೆ, ಗೊತ್ತಾಗ್ಲಿಲ್ವಾ? ಮನಸ್ಸು ಎಲ್ಲಿಟ್ಟಿದ್ದೆ ಮಹಾರಾಯ?"

ಅವನ ಮುಖ ಬಿಳುಚಿಕೊಂಡಿತು. "ಆಗ ಸರಿ ಇತ್ತಲ್ಲ..."

"ಸರಿ ಇತ್ತಾ? ತಗೋ, ಈಗ ಕೇಳು!"

ಸಿಟ್ಟಿನಲ್ಲಿ ಎಡಬಲ ನೋಡದೆ ಅವನ ತಲೆಗೇರಿಸಿದೆ. ಅದು ತಿರುಗುಮುರುಗಾಗಿ, ಸರಿಯಿದ್ದ ಭಾಗ ಅವನ ಎಡಗಿವಿಯ ಮೇಲೆ ಕೂತಿತು. ಹಾಡು ಹಾಕಿದೆ. ಅವನು ನನ್ನನ್ನೇ ನೋಡುತ್ತ ನಿಂತ.

"ಹಾಕು ಮತ್ತೆ" ಎಂದ.

ಹಾಡು ಆಗಲೇ ಓಡುತ್ತಿತ್ತು. ಹೆಡ್‌ಫೋನಿನ ಅಂಚಿನಿಂದ ಸೋರುತ್ತಿದ್ದ ನನ್ನ ದನಿ ನನಗೇ ಕೇಳುತ್ತಿತ್ತು. ಅವನು ಇನ್ನೂ ಕಾಯುತ್ತಿದ್ದ. ನನ್ನ ಮುಖ ನೋಡಿದ ಮೇಲೆ ಅವನಿಗೆ ಅರ್ಥವಾಯಿತು. ಹೆಡ್‌ಫೋನನ್ನು ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟು ಹೊರಗೆ ನಡೆದುಬಿಟ್ಟ.

ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. ಎದುರಿಗೆ ಹೋಗಿ ನಿಂತೆ.

"ಯಾವಾಗಿಂದ?"

"ಗರಗಸದ ಮಿಷನ್ ಎಡಗಡೆಗೇ ಇರೋದು. ಆ ಕಿವಿ ಸ್ವಲ್ಪ ಸ್ವಲ್ಪವಾಗಿ ಹೋಯ್ತು. ಡಾಕ್ಟರ್ ಹತ್ರ ಹೋಗೋ ಹೊತ್ತಿಗೆ ತಡ ಆಗಿತ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ಒಂದು ಕಿವಿಯವನ ಕೈಗೆ ರೆಕಾರ್ಡಿಂಗ್ ಯಾರು ಕೊಡ್ತಾರೆ?"

"ಹಾಗಾದ್ರೆ ಬಸ್ಸಲ್ಲಿ ನಾನು ಹೇಳಿದ್ದು?"

"ನಿನ್ನ ತುಟಿ ಆಡಿದ್ದು ಕಂಡಿತು. ಮತ್ತೆ ಕೇಳೋಕೆ ನಾಚಿಕೆ. ದಿನಾ ಎಷ್ಟು ಸಲ ಏನಂದೆ, ಏನಂದೆ ಅಂತ ಕೇಳ್ಲಿ? ಬಾಯಿಗೆ ಬಂದಿದ್ದು ಒದರಿದೆ. ಆಮೇಲೆ ನೀನು ಸರಿಯಾಗಿ ಮಾತೇ ಆಡ್ಲಿಲ್ಲ. ಅವತ್ತು ನಾನು ಬೇಡ ಅಂತ ಹೇಳಿರ್ತೀಯ ಅಂದ್ಕೊಂಡೆ. ಅದಕ್ಕೇ ಒಂದೇ ಮೈಕಿನದು ಸಾಕು ಅಂದಿದ್ದು."

ಒಂದು ವಾರ ಪೂರ್ತಿ ಈ ಮನುಷ್ಯನನ್ನು ಮನಸ್ಸಿನಲ್ಲೇ ಬೈದಿದ್ದೆ. ಅಷ್ಟೂ ದಿನ ಇವನೂ ನನ್ನ ಹಾಗೆಯೇ ಬೆಂದಿದ್ದ.

"ಮಿಷನ್ ಕೆಲಸ ಬಿಡದಿದ್ರೆ ಇನ್ನೊಂದೂ ಹೋಗುತ್ತೆ ಅಂದ್ರು ಡಾಕ್ಟರ್" ಎಂದ, ನೆಲ ನೋಡುತ್ತ. "ಬಿಟ್ಟರೂ ಉಳಿಯುತ್ತೆ ಅಂತ ಗ್ಯಾರಂಟಿ ಇಲ್ವಂತೆ. ನಾಳೆ ಇದೂ ಹೋದ್ರೆ? ನಿನ್ನ ಹಾಡೇ ಕೇಳಿಸದ ಗಂಡನ್ನ ಕಟ್ಕೊಂಡು ಏನು ಮಾಡ್ತೀಯ ನೀನು?"

ಗಂಡ! ಬಾಯಿ ಜಾರಿದ್ದು ಅವನಿಗೂ ಗೊತ್ತಾಯಿತು. ಕಿವಿ ಕೆಂಪಾದವು, ಕೇಳುವುದೂ ಕೇಳದ್ದೂ ಎರಡೂ. ನನಗೆ ಅಳು ನಗು ಒಟ್ಟಿಗೇ ಬಂತು.

"ಕೇಳಿಸೋ ತನಕ ಹಾಡ್ತೀನಿ. ಕೇಳಿಸದಿದ್ರೆ ಎದುರಿಗೆ ಕೂತು ಹಾಡ್ತೀನಿ, ಬಾಯಿ ನೋಡ್ಕೋ. ರೆಕಾರ್ಡಿಂಗಲ್ಲಿ ಎಡಬಲ ಸರಿ ಇದ್ಯಾ ಅಂತ ನಾನು ಕೇಳಿ ಹೇಳ್ತೀನಿ, ಉಳಿದದ್ದು ನೀನು ಮಾಡು. ಆದ್ರೆ ಇನ್ನೊಂದು ಸಲ ಆ ಮಿಷನ್ ಮುಟ್ಟಿದ್ರೆ ನೋಡು!"

"ಹೊಟ್ಟೆಪಾಡು?"

"ಗೊತ್ತಿಲ್ಲ. ಇಬ್ಬರೂ ಸೇರಿ ಯೋಚನೆ ಮಾಡೋಣ."

ಧೈರ್ಯಸ್ಥೆಯ ಹಾಗೆ ಹೇಳಿದೆನಷ್ಟೇ. ಒಂದು ದಿನ ನನ್ನ ದನಿ ಅವನಿಗೆ ಮುಟ್ಟದೇ ಹೋಗಬಹುದು ಎಂಬ ಭಯ ಆ ಮೆಟ್ಟಿಲ ಮೇಲೆಯೇ ನನ್ನೊಳಗೆ ಬಂದು ಕೂತಿತು. ಅದು ಎದ್ದುಹೋಗುತ್ತದೆ ಎಂದು ನನಗೇನೂ ಅನ್ನಿಸುವುದಿಲ್ಲ. ಬಾಗಿಲ ಕಡೆ ತಿರುಗಿ ಕೂಗಿದೆ: "ಸರ್, ಎರಡು ಮೈಕಿಂದೇ ಕೊಡಿ!"

"ಬಸ್ಸಲ್ಲಿ ಏನಂದಿದ್ದೆ?" ಎಂದ ಅವನು.

ಅವನ ಬಲಕ್ಕೆ ಹೋಗಿ ಕೂತೆ. ಹುಬ್ಬಿನ ಪುಡಿ ಒರೆಸಿದೆ. ಕಿವಿಯ ಹತ್ತಿರ ಬಾಯಿ ತಂದು, "ಸ್ಟುಡಿಯೋ ಒಂದೇ ಅಲ್ಲ, ನಿನ್ನ ಜೊತೆ ಮನೆನೂ ಬೇಕು ನನಗೆ" ಎಂದೆ.

ರಸ್ತೆಯಲ್ಲಿ ಯಾವುದೋ ಲಾರಿ ದಾಟಿಹೋಯಿತು.

"ಏನಂದೆ?"

ನನ್ನ ಜೀವ ಬಾಯಿಗೆ ಬಂತು. "ಕೇಳಿಸ್ಲಿಲ್ವಾ?"

"ಕೇಳಿಸ್ತು" ಎಂದ. ಕಣ್ಣು ತುಂಬಿಕೊಂಡಿತ್ತು. "ಇನ್ನೊಂದ್ಸಲ ಹೇಳು."