ಕಾಯಿಲ್ ವೈರು ಸುಟ್ಟ ಶನಿವಾರ

ಲಿಬಾರ್ದೊ ಊರು ಬಿಟ್ಟು ಹೋಗಬಾರದು ಅಂತ ನಾನೇ ಜೀಪು ಕೆಡಿಸಿದೆ ಎಂದು ನಮ್ಮ ಬೀದಿಯಲ್ಲಿ ಇವತ್ತಿಗೂ ಹೇಳುತ್ತಾರೆ. ಸುಳ್ಳು. ನನ್ನ ಜೀಪನ್ನು ನಾನು ಯಾವ ಗಂಡಸಿಗಾಗಿಯೂ ಕೆಡಿಸುವವಳಲ್ಲ.

ಪಿಹಾವೊ ಊರಿನ ಮೇಲಿನ ಕಾಫಿ ಗುಡ್ಡಗಳಲ್ಲಿ ಆ ಶನಿವಾರ ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಎದುರು ಮನೆಯ ಒಬ್ಬಂಟಿ ಕ್ಷೌರಿಕ ಲಿಬಾರ್ದೊನ ಇಡೀ ಸಂಸಾರ ನನ್ನ ವಿಲ್ಲೀಸ್ ಜೀಪಿನ ಮೇಲೇರಿ ಕೂತಿತ್ತು. ಮಂಚ, ಹಾಸಿಗೆ, ಒಲೆ, ಕೋಳಿಗಳು, ಬಾಳೆಗೊನೆ, ಎಲ್ಲಕ್ಕಿಂತ ಮೇಲೆ ಅವನ ಕೆಂಪು ಕುರ್ಚಿ, ಸಿಂಹಾಸನದ ಹಾಗೆ. ಕೈಸೆದೋನಿಯಾ ಎಂಬ ಇನ್ನೊಂದು ಊರಲ್ಲಿ ಅವನ ಅಣ್ಣ ಅವನಿಗೊಂದು ಅಂಗಡಿ ನೋಡಿದ್ದ. ಇಲ್ಲಿನ ಅಂಗಡಿಯ ಬೀಗದ ಕೈಯನ್ನು ಮಾಲೀಕನಿಗೆ ಕೊಟ್ಟಾಗಿತ್ತು.

ವರ್ಷಗಟ್ಟಲೆ ಎದುರುಬದುರು ಇದ್ದೆವು. ನನ್ನ ಕೂದಲು ಕತ್ತರಿಸುವಾಗ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಕತ್ತರಿ ಆಡಿಸುವುದನ್ನು ಮರೆಯುತ್ತಿದ್ದ. ಅಷ್ಟು ಬಿಟ್ಟರೆ ಆ ಮನುಷ್ಯ ಬಾಯಿ ತೆರೆದಿರಲಿಲ್ಲ. ನಾನೂ ತೆರೆದಿರಲಿಲ್ಲ. "ಸಾಮಾನು ಸಾಗಿಸ್ಬೇಕಿತ್ತು, ನೂಬಿಯಾ" ಅಂತ ಬಂದಾಗ "ಶನಿವಾರ ಬೆಳಿಗ್ಗೆ ರೆಡಿ ಇರಿ" ಅಂದುಬಿಟ್ಟೆ. ಆಮೇಲೆ ಒಳಗೆ ಹೋಗಿ ಒಂದು ಪಾತ್ರೆ ಎತ್ತಿ ಎಸೆದೆ.

ಕೀಲಿ ತಿರುಗಿಸಿದೆ. ಇಂಜಿನ್ ಹಿಡಿಯಿತು, ಕೆಮ್ಮಿತು, ಸತ್ತಿತು. ಸುಟ್ಟ ರಬ್ಬರಿನ ವಾಸನೆ. ಬಾನೆಟ್ ಎತ್ತಿದರೆ ಇಂಜಿನ್ನಿಗೆ ಕಿಡಿ ಕೊಡುವ ಕಾಯಿಲ್‌ಗೆ ಹೋಗುವ ವೈರಿನ ಹೊದಿಕೆ ಒಣಗಿ ಬಿರಿದು, ಒಳಗಿನ ತಾಮ್ರ ಇಂಜಿನ್ನಿಗೆ ತಾಗುತ್ತಿತ್ತು.

ಪಕ್ಕದ ಮನೆಯ ಮುದುಕಿ ದೋನ್ಯಾ ಫಬಿಯೋಲಾ ಕಿಟಕಿಯಲ್ಲಿ ಕಾಫಿ ಹಿಡಿದು ನಿಂತಿದ್ದಳು.

"ವೈರು ಹೋಯ್ತಾ ಮಗಳೇ? ಪಾಪ. ಇವತ್ತೇ ಹೋಗ್ಬೇಕಿತ್ತಾ ಅದು?"

"ಹಳೇ ವೈರು ದೋನ್ಯಾ."

"ಹೌದೌದು. ನಾವೂ ಒಂದು ಕಾಲಕ್ಕೆ ಹರೆಯದವರೇ."

ಲಿಬಾರ್ದೊನ ಕಿವಿ ಕೆಂಪಾಯಿತು. ಮೆಲ್ಲಗೆ ನನ್ನ ಪಕ್ಕಕ್ಕೆ ಬಂದ. "ನೀವೇ ಏನಾದ್ರೂ..."

"ಏನು ನಾನೇ?"

"ಏನಿಲ್ಲ."

"ಹೇಳ್ರೀ."

"ನೀವೇ ಕಿತ್ತಿದ್ರೆ ನಂಗೇನೂ ಬೇಜಾರಿಲ್ಲ ಅಂತ ಹೇಳೋಕೆ ಬಂದೆ."

ಮೈಯೆಲ್ಲ ಬಿಸಿಯಾಯಿತು. ಕೋಪವೇ ಇರಬೇಕು ಅಂದುಕೊಂಡೆ. "ನಾನು ವೈರು ಕೀಳೋಳಲ್ಲ, ಹಾಕೋಳು. ಮಾತು ಸಾಕು, ತಳ್ಳಿ."

ಬೀದಿಯವರೆಲ್ಲ ಕೈ ಹಾಕಿದರು. ಅಲುಗಾಟಕ್ಕೆ ಒಡೆದೀತು ಎಂದು ಅವನ ಉದ್ದ ಕನ್ನಡಿಯನ್ನು ಮೊದಲೇ ಇಳಿಸಿ ನನ್ನ ಅಂಗಳದ ಗೋಡೆಗೆ ಒರಗಿಸಿದೆವು. ಜೀಪು ಅಂಗಳಕ್ಕೆ ಬಂತು. ತಳ್ಳಿದವರು ನಗುತ್ತ ಹೋದರು. ಉಳಿದವರು ನಾವಿಬ್ಬರು, ಮೇಲೆ ಕೋಳಿಗಳು.

ಬ್ಯಾಟರಿಯ ವೈರು ಬಿಚ್ಚಿ ಪಕ್ಕಕ್ಕಿಟ್ಟೆ. ಸುಟ್ಟ ವೈರನ್ನು ಕಿತ್ತು ಪಕ್ಕದಲ್ಲಿಟ್ಟು, ಹೊಸದನ್ನು ಅದರ ಉದ್ದಕ್ಕೆ ಅಳೆದೆ. ತುದಿಯ ಸಿಪ್ಪೆ ಸುಲಿಯಬೇಕು ಅನ್ನುವಷ್ಟರಲ್ಲಿ ಲಿಬಾರ್ದೊ ಜೇಬಿನಿಂದ ಕತ್ತರಿ ತೆಗೆದ.

"ಅದನ್ನ ಒಳಗಿಡಿ. ಇದೇನು ಮೇಯರ್ ಮೀಸೆಯಾ?"

"ಮತ್ತೆ ನಾನೇನು ಮಾಡ್ಲಿ?"

"ಈ ತುದಿ ಹಿಡ್ಕೊಳ್ಳಿ. ಅಲ್ಲಾಡ್ಬೇಡಿ. ಉಸಿರೂ ಬಿಡ್ಬೇಡಿ."

ನಿಜವಾಗಿಯೂ ಉಸಿರು ಹಿಡಿದು ನಿಂತ. ನಾನು ಬಗ್ಗಿ ಇಕ್ಕಳ ಒತ್ತುವಾಗ ಅವನ ಬೆರಳು ನನ್ನ ಬೆರಳಿಗೆ ತಾಗುತ್ತಿತ್ತು. ಅವನ ಅಂಗಿಯಿಂದ ಪೌಡರಿನ ಪರಿಮಳ, ನನ್ನ ಕೈಯಿಂದ ಗ್ರೀಸಿನ ವಾಸನೆ. ಕಣ್ಣೆತ್ತಿದರೆ ಅವನು ವೈರನ್ನು ನೋಡುತ್ತಲೇ ಇರಲಿಲ್ಲ.

"ಉಸಿರು ಬಿಡ್ರೀ, ಸತ್ಹೋಗ್ತೀರ."

ಬಿಟ್ಟ. ಆ ಗಾಳಿ ನನ್ನ ಕೆನ್ನೆಗೆ ಬಡಿಯಿತು. ಆಮೇಲೆ ಸಾಮಾನಿನ ನಡುವಿನಿಂದ ತನ್ನ ಮೆತ್ತನೆ ಬ್ರಷ್ಷನ್ನು ಎಳೆದು, ನನ್ನ ಕತ್ತಿನ ಮೇಲೆ ಉದುರಿದ್ದ ಒಣ ರಬ್ಬರಿನ ಪುಡಿಯನ್ನು ಸವರಿ ತೆಗೆದ. ಕೂದಲು ಕತ್ತರಿಸಿದ ಮೇಲೆ ಯಾವಾಗಲೂ ಮಾಡುವುದು ಅದನ್ನೇ. ಆದರೆ ಆವತ್ತು ಕೂದಲು ಕತ್ತರಿಸಿರಲಿಲ್ಲ.

ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ದಪ್ಪ ವೈರನ್ನೂ ಬದಲಾಯಿಸಿದೆ. ಉಳಿದಿದ್ದು ಒಂದೇ, ಸೀಟಿನ ಕಡೆಗೆ ಹೋಗುವ ಕಪ್ಪು ವೈರು. ಅದೂ ಸುಟ್ಟಿತ್ತು.

ನಮ್ಮಲ್ಲಿ ಜೀಪಿದ್ದವರೆಲ್ಲ ಎಲ್ಲಾದರೊಂದು ಕಡೆ ಗುಟ್ಟಿನ ಸ್ವಿಚ್ ಇಟ್ಟಿರುತ್ತಾರೆ. ಅದನ್ನು ಒತ್ತದೆ ಬರೀ ಕೀಲಿ ತಿರುಗಿಸಿದರೆ ಇಂಜಿನ್ ಗರಗರ ಅನ್ನುತ್ತದೆ, ಹಿಡಿಯುವುದಿಲ್ಲ. ಕಳ್ಳ ಬೆವರೊರೆಸಿಕೊಂಡು ವಾಪಸ್ ಹೋಗುತ್ತಾನೆ. ಆ ಜಾಗವನ್ನು ಹೆಂಡತಿ ಗಂಡನಿಗೆ ಹೇಳುತ್ತಾಳೆ, ಗಂಡ ಹೆಂಡತಿಗೆ ಹೇಳುತ್ತಾನೆ, ಇನ್ಯಾರಿಗೂ ಇಲ್ಲ. ನಾನು ಗಂಡನಿಗೆ ಹೇಳಿದ್ದೆ. ಆ ಮಹಾನುಭಾವ ನಾನು ಮಾರ್ಕೆಟ್ಟಿಗೆ ಹೋಗಿದ್ದಾಗ ಜೀಪು ಮಾರಿ ಓಡಿಹೋಗಲು ನೋಡಿದ. ಜೀಪನ್ನು ಬಿಡಿಸಿಕೊಂಡೆ, ಅವನನ್ನು ಬಿಟ್ಟೆ, ಸ್ವಿಚ್ಚನ್ನು ಬೇರೆ ಕಡೆಗೆ ಹಾಕಿದೆ. ಅಂದಿನಿಂದ ಅದು ಗೊತ್ತಿದ್ದುದು ನನ್ನೊಬ್ಬಳಿಗೆ. ಆ ಕಪ್ಪು ವೈರು ಹೋಗುವುದು ಅದಕ್ಕೇ. ಎಲ್ಲಿದೆ ಅಂತ ನಿಮಗೂ ಹೇಳುವುದಿಲ್ಲ.

"ಆ ಕಡೆ ತಿರುಗಿ ನಿಲ್ಲಿ" ಅಂದೆ.

ಯಾಕೆ ಅಂತ ಕೇಳಲಿಲ್ಲ. ತಿರುಗಿದ. ನಾನು ಒಳಗೆ ಬಗ್ಗಿ, ಕೈ ತೂರಿಸಿ, ಹಳೆಯ ತುದಿ ಬಿಚ್ಚಿ ಹೊಸದನ್ನು ಬಿಗಿದೆ.

"ನೂಬಿಯಾ."

"ಏನು?"

"ಕನ್ನಡೀಲಿ ಎಲ್ಲ ಕಾಣ್ತಾ ಇದೆ. ಕಣ್ಣು ಮುಚ್ಚಿಕೊಳ್ಳಲಾ?"

ತಲೆಯೆತ್ತಿದೆ. ಗೋಡೆಗೆ ಒರಗಿಸಿದ್ದ ಕನ್ನಡಿಯಲ್ಲಿ ಅವನ ಮುಖ, ಅವನ ಹೆಗಲಾಚೆ ನನ್ನ ಮುಖ, ನನ್ನ ಕೈ, ಆ ಕೈ ಇದ್ದ ಜಾಗ. ಅವನು ಬಾಯಿ ಮುಚ್ಚಿಕೊಂಡಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಹೇಳಿಬಿಟ್ಟನಲ್ಲ ಪುಣ್ಯಾತ್ಮ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಬಂದದ್ದು ಬೇರೆ.

"ಬೇಡ. ನೋಡಿ."

ನೋಡಿದ. ನಾನು ಸ್ಕ್ರೂ ತಿರುಗಿಸಿದೆ, ಅವನು ಕನ್ನಡಿಯಲ್ಲೇ ನೋಡುತ್ತಿದ್ದ. ಅಂಥ ನಾಚಿಕೆ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಬ್ಯಾಟರಿ ಜೋಡಿಸಿ ಸೀಟಿಗೆ ಹತ್ತಿದೆ. ಅವನು ಪಕ್ಕದಲ್ಲಿ ಕೂತ. ಕೀಲಿ ತಿರುಗಿಸಿದೆ. ಗರಗರ, ಅಷ್ಟೇ. ಮತ್ತೆ ತಿರುಗಿಸಿದೆ. ಅದೇ. ಎಲ್ಲಿ ತಪ್ಪಿದೆ? ಬೆವರು ಇಳಿಯಿತು. ಬೀದಿಯ ಕಡೆಯಿಂದ ದೋನ್ಯಾಳ ಕೆಮ್ಮು.

ಲಿಬಾರ್ದೊ ನನ್ನ ಕಡೆ ನೋಡಲಿಲ್ಲ. ನೇರ ಮುಂದೆ ನೋಡುತ್ತ, ಮೆಲ್ಲಗೆ ಕೈ ಚಾಚಿ, ನಾನು ಒತ್ತಲು ಮರೆತಿದ್ದ ಆ ಸ್ವಿಚ್ಚನ್ನು ಒತ್ತಿದ.

ಜೀಪು ಗರ್ಜಿಸಿತು. ಮೇಲೆ ಕೋಳಿಗಳು ಕಿರುಚಿದವು. ಹೊಸ ವೈರಿನಲ್ಲಿ ಇಂಜಿನ್ ಸಮವಾಗಿ ಓಡುತ್ತಿತ್ತು, ಅಡ್ಡಾದಿಡ್ಡಿ ಬಡಿಯುತ್ತಿದ್ದದ್ದು ನನ್ನ ಎದೆ ಒಂದೇ.

"ಹೊರಡೋಣ್ವಾ?" ಅವನ ದನಿ ಸಣ್ಣದಾಗಿತ್ತು.

"ಅದೆಲ್ಲಿದೆ ಅಂತ ಗೊತ್ತಾದೋರು ಬೇರೆ ಊರಿಗೆ ಹೋಗೋ ಹಾಗಿಲ್ಲ."

"ಹೋದ್ರೆ?"

"ಸ್ವಿಚ್ಚನ್ನ ಮತ್ತೆ ಬೇರೆ ಕಡೆ ಹಾಕ್ಬೇಕು. ನಂಗೆ ಪುರುಸೊತ್ತಿಲ್ಲ."

ನಕ್ಕ. ನಗು ನಿಂತ ಮೇಲೆ ಕೇಳಿದ: "ಅಣ್ಣ ಅಂಗಡಿ ಮುಂದೆ ಕಾಯ್ತಿರ್ತಾನೆ. ಏನು ಹೇಳ್ಲಿ?"

"ಜೀಪು ಕೆಟ್ಟಿದೆ ಅನ್ನಿ."

"ಓಡ್ತಾ ಇದೆಯಲ್ಲ."

"ಹಾಗಾದ್ರೆ ನಿಜ ಹೇಳಿ."

"ನಿಜ ಏನು ಅಂತ ನೀವು ಹೇಳಿದ್ರೆ ತಾನೇ ನಾನು ಹೇಳೋದು?"

ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. "ನೀವು ಹೋದ್ರೆ ನಂಗೆ ಆಗಲ್ಲ ಕಣ್ರೀ. ಎದುರು ಬಾಗ್ಲು ಮುಚ್ಚಿರೋದನ್ನ ನೋಡೋಕೆ ನನ್ ಕೈಲಿ ಆಗಲ್ಲ. ನನ್ನ ಮುಂದಿನ ಕೋಣೆ ಖಾಲಿ ಇದೆ, ಕುರ್ಚಿ ಹಾಕ್ಕೊಳ್ಳಿ. ಸಾಕಾ? ಇನ್ನೂ ಹೇಳ್ಬೇಕಾ?"

ನನ್ನ ಗ್ರೀಸಿನ ಕೈಯನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡ. ದಿನಾ ಮೂರು ಸಲ ಮುಖ ತೊಳೆಯುವ ಮನುಷ್ಯ. "ಇಷ್ಟು ದಿನ ಕತ್ತರಿ ನಿಲ್ಸಿ ನಿಲ್ಸಿ ಕಾದೆ, ನೂಬಿಯಾ. ಕೊನೆಗೆ ಊರು ಬಿಡ್ತೀನಿ ಅಂದ್ರೂ ರೆಡಿ ಇರಿ ಅಂದ್ರಿ."

"ಕೇಳಿದ್ರೆ ಹೇಳ್ತಿದ್ದೆ."

"ಬೈತಿದ್ರಿ."

"ಬೈದು, ಆಮೇಲೆ ಹೇಳ್ತಿದ್ದೆ."

ಕೆಳಗಿಳಿದು ಹಗ್ಗ ಬಿಚ್ಚತೊಡಗಿದೆವು. ಗೇಟಿನ ಹೊರಗೆ ಬೀದಿಗೆ ಬೀದಿಯೇ ನಿಂತಿತ್ತು. ದೋನ್ಯಾ ಕಿಟಕಿ ಬಿಟ್ಟು ಬಾಗಿಲಿಗೇ ಬಂದಿದ್ದಳು.

"ಮಗಳೇ, ಕೈಸೆದೋನಿಯಾ ಈ ಕಡೆ ಅಲ್ಲ."

"ಗೊತ್ತು ದೋನ್ಯಾ."

ಲಿಬಾರ್ದೊ ಮರ್ಯಾದಸ್ಥ. ಜನ ನೋಡುತ್ತಿದ್ದಾರೆಂದು ಮೊದಲು ಒಲೆಗೆ ಕೈ ಹಾಕಿದ, ಆಮೇಲೆ ಬಾಳೆಗೊನೆಗೆ.

"ಅದೆಲ್ಲ ಆಮೇಲೆ" ಅಂದೆ, ಇಡೀ ಬೀದಿಗೆ ಕೇಳಿಸುವ ಹಾಗೆ. "ಮೊದ್ಲು ಹಾಸಿಗೆ ಇಳಿಸಿ."

ಹಾಸಿಗೆ ತಲೆಯ ಮೇಲೆ ಹೊತ್ತ. ಅವನಿಗೆ ಮುಂದೇನೂ ಕಾಣುತ್ತಿರಲಿಲ್ಲ. ಮೊಣಕೈ ಹಿಡಿದು ನಾನೇ ಒಳಗೆ ಕರೆದುಕೊಂಡು ಹೋದೆ.