ಸಾಬಮ್ಮನ ಕೈಗಳ ನಿದಾನ

ಸಾಬಮ್ಮನ ಮುಂಗೈಯಿಂದ ಪಟ್ಟಿಯನ್ನು ಬಿಡಿಸಿದಾಗ ಅದರ ಜೊತೆ ಒಂದಿಷ್ಟು ಒಣ ಚರ್ಮವೂ ಎದ್ದು ಬಂತು. ವೈದ್ಯೆ ನೀಲಾಂಬಿಕೆ ಪಟ್ಟಿಯನ್ನು ಓದುಗಯಂತ್ರದ ಮೇಲಿಟ್ಟು ಕುರ್ಚಿಗೆ ಒರಗಿದಳು. ಬೆಳಗಿನಿಂದ ಇದು ಮೂವತ್ತನೆಯ ರೋಗಿ.

ಈರುಳ್ಳಿ ಪೊರೆಯಷ್ಟು ತೆಳುವಾದ ಆ ಪಟ್ಟಿ ಅವಳದೇ ಸೃಷ್ಟಿ. ಹದಿನಾಲ್ಕು ದಿನ ಚರ್ಮಕ್ಕೆ ಅಂಟಿಕೊಂಡಿದ್ದು, ಎಷ್ಟು ತೇವ ಆರಿತು, ಯಾವ ಕ್ಷಾರ ತಾಗಿತು, ಎಷ್ಟು ಝಳ ಬಡಿಯಿತು ಎಂಬುದನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತಿತ್ತು. ಆಯುರ್ವೇದದಲ್ಲಿ ರೋಗದ ಕಾರಣಕ್ಕೆ ನಿದಾನವೆಂದು ಹೆಸರು. ಅದನ್ನು ದೂರ ಮಾಡುವುದೇ ಮೊದಲ ಚಿಕಿತ್ಸೆ. ಎಣ್ಣೆ, ತುಪ್ಪ ಎಲ್ಲ ಆಮೇಲಿನ ಮಾತು. ವಾತ ಕೆರಳಿ ಚರ್ಮ ಬಿರಿದಿದೆ ಎಂದು ಯಾವ ವೈದ್ಯರಾದರೂ ಹೇಳಿಯಾರು. ಕೆರಳಿಸಿದ್ದು ಏನು ಎಂದು ಬೊಟ್ಟು ಮಾಡುವ ಸಾಧನಕ್ಕಾಗಿ ಅವಳು ಹನ್ನೊಂದು ವರ್ಷ ದುಡಿದಿದ್ದಳು. ಈಗ, ೨೦೬೧ರಲ್ಲಿ, ಯಾದಗಿರಿಯ ಈ ಚಿಕಿತ್ಸಾಲಯವಲ್ಲದೆ ಇನ್ನೂ ಮುನ್ನೂರು ಕಡೆ ಅದು ಬಳಕೆಯಲ್ಲಿತ್ತು.

ಆದರೆ ಕಾರಣ ಗೊತ್ತಾದಷ್ಟೂ ಅವಳ ದಣಿವು ಹೆಚ್ಚಿತ್ತು. ಸಿಮೆಂಟು ಎನ್ನುತ್ತಿತ್ತು ಪಟ್ಟಿ. ಕುಲುಮೆಯ ಬಿಸಿ ಎನ್ನುತ್ತಿತ್ತು. ‘ಇದನ್ನು ಬಿಡಿ’ ಎಂದು ಅವಳು ಬರೆದುಕೊಡುತ್ತಿದ್ದಳು. ಮುಂದಿನ ತಿಂಗಳು ಅದೇ ಬಿರಿದ ಕೈಗಳು ಎದುರಿಗೆ ಬರುತ್ತಿದ್ದವು.

ಪರದೆಯಲ್ಲಿ ಸಾಬಮ್ಮನ ವಿವರ ಮೂಡಿತು. ದಿನಕ್ಕೆ ಆರು ಗಂಟೆ ಕುದಿನೀರು, ತೀಕ್ಷ್ಣವಾದ ಬಟ್ಟೆ ಸೋಡಾ, ನಡುನಡುವೆ ಎಳ್ಳೆಣ್ಣೆಯ ಜಿಡ್ಡು. ಎಳ್ಳೆಣ್ಣೆ ಯಾಕೆ ಎಂದು ತಿಳಿಯಲಿಲ್ಲ.

“ಎಲ್ಲಿ ಕೆಲಸ ಮಾಡ್ತೀ, ಸಾಬಮ್ಮ?”

ಸಾಬಮ್ಮ ಅಚ್ಚರಿಯಿಂದ ನೋಡಿದಳು. “ಇಲ್ಲೇರಿ ಅಕ್ಕಾರ. ನಿಮ್ಮ ಹಿಂದಿನ ಶೆಡ್ಡಿನ್ಯಾಗ. ಎಣ್ಣಿ ತಿಕ್ಕಿಸ್ಕೊಂಡೋರು ಒರಸ್ಕೊಂಡ ಅರಿವಿ ತೊಳೀತೀನಿ. ಸೋಡಾ ಹಾಕಿ ಕುದಿಸದಿದ್ರ ಜಿಡ್ಡು ಬಿಡಂಗಿಲ್ರಿ.”

“ಮಷಿನ್ ಇತ್ತಲ್ಲ?”

“ಎಣ್ಣಿ ಕಟ್ಟಿ ಕೆಟ್ಟು ಐದು ವರ್ಸಾತು.”

“ನಾಕು ವರ್ಷದಿಂದ ನನ್ನ ಹತ್ರ ಔಷಧಕ್ಕ ಬರ್ತಿ. ಒಂದಿನಾನೂ ಯಾಕ ಹೇಳಲಿಲ್ಲ?”

“ನೀವು ಕೇಳಲಿಲ್ರಿ,” ಎಂದಳು ಸಾಬಮ್ಮ, ದೂರುವ ದನಿಯಲ್ಲೇನೂ ಅಲ್ಲ. “ಹಿಂದ ಮಂದಿ ಭಾಳ ನಿಂತಿರ್ತಿದ್ರು.”

ನೀಲಾಂಬಿಕೆ ಎದ್ದು ಶೆಡ್ಡಿಗೆ ಹೋದಳು. ಹಂಡೆಗಳ ಪಕ್ಕ ಎದೆಮಟ್ಟದ ಟವಲು ರಾಶಿ ಬಿದ್ದಿತ್ತು. ಒಣಚರ್ಮದ ರೋಗಿಗಳಿಗೆ ತಾನು ಬರೆದುಕೊಟ್ಟ ಅಭ್ಯಂಗವೆಲ್ಲ ಕೊನೆಗೆ ಬಂದು ಸೇರುತ್ತಿದ್ದುದು ಇಲ್ಲಿಗೆ. ಒಬ್ಬರ ಚರ್ಮ ಮಿದುವಾಗಲು ಇನ್ನೊಬ್ಬಳದು ಬಿರಿಯುತ್ತಿತ್ತು. ಅವಳಿಗೆ ಅಲ್ಲೇ ಕಲ್ಲಿನ ಮೇಲೆ ಕೂತುಬಿಡಬೇಕೆನ್ನಿಸಿತು, ಕೂತಳು.

ಮರುದಿನ ಅಭ್ಯಂಗ ನಿಲ್ಲಿಸಿದಳು. “ಮುಂದಿನ ತಿಂಗಳ ತನಕ ಹೆಸರು ಬರೆಸ್ಯಾರ್ರೀ, ಅವರಿಗೆ ಏನಂತ ಹೇಳ್ಲಿ?” ಎಂದು ಮೇಲ್ವಿಚಾರಕ ಅಮೃತಪ್ಪ ತಲೆ ಕೆರೆದುಕೊಂಡ. ರೋಗಿಗಳೇ ಟವಲು ತರಲಿ ಎಂದೂ ಅವನೇ ಸೂಚಿಸಿದ. ಅವನ್ನು ಮನೆಯಲ್ಲಿ ತೊಳೆಯುವವರು ಯಾರು ಎಂದು ಅವಳು ಕೇಳಿದಾಗ ಆ ಸೂಚನೆಯನ್ನು ಕೈಬಿಟ್ಟ. ಕೊನೆಗೆ, ಜಿಡ್ಡನ್ನು ಬಟ್ಟೆಯಲ್ಲಿ ಒರೆಸುವ ಬದಲು ಹೆಸರುಹಿಟ್ಟು ಹಚ್ಚಿ ಉದುರಿಸುವ ಕ್ರಮದೊಂದಿಗೆ ಅಭ್ಯಂಗ ಮತ್ತೆ ಶುರುವಾಯಿತು. ಮೈಯೆಲ್ಲ ಹಿಟ್ಟು ಎಂದು ಗೊಣಗಿ ಕಾಲುಭಾಗ ರೋಗಿಗಳು ಬೇರೆ ಕಡೆ ಹೋದರು. ಹಂಡೆಗಳು ಆರಿದವು. ಸಾಬಮ್ಮ ಹೆಸರುಕಾಳು ಬೀಸುವ ಗಿರಣಿಗೆ ಬಂದಳು. ತುಪ್ಪದ ಔಷಧ ಮೊದಲಿನದೇ. ಆದರೆ ಮೂರನೆಯ ತಿಂಗಳಿಗೆ ಅವಳ ಬಿರುಕುಗಳು ಕೂಡಿಕೊಂಡವು.

ಪಟ್ಟಿ ಬಳಸುತ್ತಿದ್ದ ಮುನ್ನೂರು ಚಿಕಿತ್ಸಾಲಯಗಳಿಗೂ ನೀಲಾಂಬಿಕೆ ಒಂದು ಪತ್ರ ಬರೆದಳು. ‘ನಿಮ್ಮಲ್ಲಿ ಎಣ್ಣೆಬಟ್ಟೆ ತೊಳೆಯುವವರು ಯಾರು? ಅವರ ಕೈ ಹೇಗಿದೆ?’ ಇಷ್ಟೇ. ಬರೆಯುವಾಗ ಅವಳಿಗೆ ಹೊಳೆಯಿತು: ಇದನ್ನು ಕೇಳಲು ಪಟ್ಟಿಯೇನೂ ಬೇಕಿರಲಿಲ್ಲ. ನಲವತ್ತು ವರ್ಷದ ಹಿಂದೆಯೂ ಯಾವುದೇ ಆಸ್ಪತ್ರೆಯ ಹಿತ್ತಲಿಗೆ ಹೋಗಿ ಯಾರಾದರೂ ಕೇಳಬಹುದಿತ್ತು.

ಹನ್ನೊಂದು ಉತ್ತರಗಳು ಬಂದವು. ಅವುಗಳಲ್ಲಿ ಒಂಬತ್ತರಲ್ಲಿ, ವಿಚಾರಿಸಿ ತಿಳಿಸುತ್ತೇವೆ ಎಂದಿತ್ತು.