ಕಾಲುಪಟ್ಟಿಯ ಸಾಕ್ಷಿ

ಬೀಗದಣ್ಣನ ಅಂಗಡಿಯ ಎದುರಿಗೇ ಅವನ ಬಾಮೈದ ಬಾಗಿಲಂಗಡಿ ತೆರೆದ. ಮುಖ ನೋಡಿ ತಾನಾಗಿ ತೆರೆದುಕೊಳ್ಳುವ ಬಾಗಿಲುಗಳು. ಬೀಗವೂ ಬೇಡ, ಬೀಗದ ಕೈಯೂ ಬೇಡ. ಉದ್ಘಾಟನೆಗೆ ಭಾವನ ಕೈಗೇ ಕತ್ತರಿ ಕೊಟ್ಟು ರಿಬ್ಬನ್ ಕಟ್ ಮಾಡಿಸಿದ. "ಭಾವ, ಇನ್ಮೇಲೆ ನೀವು ಆರಾಮಾಗಿ ರೆಸ್ಟ್ ತಗೊಳ್ಳಿ," ಎಂದು ನಾಲ್ಕು ಜನರ ಮುಂದೆ ನಕ್ಕ. ಆ ನಗು ಬೀಗದಣ್ಣನ ಹೊಟ್ಟೆಯಲ್ಲಿ ಕೆಂಡವಾಗಿ ಕೂತುಬಿಟ್ಟಿತು. ವರ್ಷ ತುಂಬುವುದರೊಳಗೆ ಅವನ ಅಂಗಡಿಯ ಮೆಟ್ಟಿಲು ಹತ್ತುವವರು ವಿಳಾಸ ಕೇಳುವವರು ಮಾತ್ರವಾದರು.

ಬಾಮೈದನ ಅಂಗಡಿ ಬೂದಿಯಾಗಬೇಕು, ತನ್ನ ಕೈಗೆ ಮಸಿ ತಾಗಬಾರದು. ಸಿಕ್ಕಿಬಿದ್ದರೆ ಜೈಲು, ಹೆಂಡತಿಯಂತೂ ತಮ್ಮನ ಪರ ನಿಂತು ಇವನ ಮುಖವನ್ನೂ ನೋಡುವುದಿಲ್ಲ. ಆದರೆ ಬೀದಿಯ ಕಂಬಕಂಬಕ್ಕೂ ಮುಖ ಗುರುತು ಹಿಡಿಯುವ ಕ್ಯಾಮೆರಾ. ಮುಸುಕು ಹಾಕಿದರೆ ನಡಿಗೆ ನೋಡಿಯೇ ಹೆಸರು ಹೇಳುತ್ತವಂತೆ, ಹಾಳಾದವು.

ಉಪಾಯ ಸಿಕ್ಕಿದ್ದು ಟೀವಿಯಲ್ಲಿ. ಗೃಹಬಂಧನದಲ್ಲಿದ್ದ ಹಾಲಿನವನೊಬ್ಬನನ್ನು ಕ್ಯಾಮೆರಾ ಕಳ್ಳನೆಂದು ತೋರಿಸಿತ್ತು. ಎಲ್ಲಿದ್ದಾನೆಂದು ಸದಾ ವರದಿ ಮಾಡಲು ಅವನ ಕಾಲಿಗೆ ಕಟ್ಟಿದ್ದ ಸರ್ಕಾರಿ ಪಟ್ಟಿ ಮಾತ್ರ, ಇಲ್ಲ, ಅವನು ಮನೆಯಲ್ಲೇ ಇದ್ದ ಎಂದಿತ್ತು. ಕೋರ್ಟು ತೀರ್ಪು ಕೊಟ್ಟಿತು: ಒಂದು ಮುಖ ಇನ್ನೊಂದನ್ನು ಹೋಲಬಹುದು, ಪಟ್ಟಿ ಸುಳ್ಳು ಹೇಳದು, ಎರಡಕ್ಕೂ ಜಗಳ ಬಂದರೆ ಪಟ್ಟಿಯ ಮಾತೇ ಕೊನೆ. ಬೀಗದಣ್ಣ ಎದ್ದು ಕೂತ. ಎಂಥಾ ಕಾಲ ಬಂತಪ್ಪ. ಮರ್ಯಾದಸ್ಥನಿಗೆ ಸಾಕ್ಷಿ ಹೇಳಲು ಹೆಂಡತಿ ಬಿಟ್ಟರೆ ಗತಿಯಿಲ್ಲ, ಅವಳ ಮಾತನ್ನೂ ಯಾರೂ ನಂಬುವುದಿಲ್ಲ. ಶಿಕ್ಷೆಯಾದವನಿಗೋ, ಹಗಲಿರುಳು ಸರ್ಕಾರದ್ದೇ ಸಾಕ್ಷಿ. ಹಾಗಾದರೆ ಮೊದಲು ಒಂದು ಶಿಕ್ಷೆ ಸಂಪಾದಿಸಬೇಕು.

ನಡುಹಗಲಲ್ಲಿ ಬಾಮೈದನ ಬೋರ್ಡನ್ನು ಸುತ್ತಿಗೆಯಿಂದ ಒಡೆದು, ಪೊಲೀಸರು ಬರುವವರೆಗೆ ಅಲ್ಲೇ ಕಟ್ಟೆಯ ಮೇಲೆ ಕೂತ. ಆರು ತಿಂಗಳ ಗೃಹಬಂಧನ, ಕಾಲಿಗೆ ಪಟ್ಟಿ ಎಂದಾಗ ಅವನು ನ್ಯಾಯಾಧೀಶರಿಗೆ ಕೈಮುಗಿದದ್ದು ನೋಡಿ ಅವನ ವಕೀಲನಿಗೇ ಗಾಬರಿಯಾಯಿತು.

ಅನುಮಾನಕ್ಕೆ ಎಡೆಗೊಡಬಾರದೆಂದು ಅವನು ಮಾದರಿ ಕೈದಿಯಾದ. ಪೇಪರ್ ಗೇಟಿನಾಚೆ ಬಿದ್ದರೆ ಹೆಂಡತಿಯನ್ನು ಕೂಗುತ್ತಿದ್ದ.

"ಎರಡು ಹೆಜ್ಜೆ ರೀ. ಯಾರು ನೋಡ್ತಾರೆ?"

"ಕಾನೂನು ಅಂದ್ರೆ ಕಾನೂನು ಕಣೇ."

ಅವಳು ಅದನ್ನು ಪಶ್ಚಾತ್ತಾಪವೆಂದೇ ತಿಳಿದು ಕಣ್ಣೊರೆಸಿಕೊಂಡಳು, ಪಾಪ.

ಪಟ್ಟಿ ಕತ್ತರಿಸಿದರೆ ಕಿರುಚುತ್ತದೆ, ಮೈಬಿಸಿ ತಪ್ಪಿದರೂ ಕಿರುಚುತ್ತದೆ. ಆದರೆ ಅದನ್ನು ಮುಚ್ಚಿದ್ದು ಒಂದು ಪುಟಾಣಿ ಬೀಗ. ಬೀಗ ತೆರೆಯುವವರು ಇನ್ನೂ ಬದುಕಿದ್ದಾರೆ ಎಂಬುದು ಅದನ್ನು ಮಾಡಿದ ಮೇಧಾವಿಗಳಿಗೆ ತಿಳಿದಂತಿರಲಿಲ್ಲ. ಅವರು ಚಾಪೆ ಕೆಳಗೆ ತೂರಿದರೆ ಇವನು ರಂಗೋಲಿ ಕೆಳಗೆ ತೂರುವವನು. ಹೆಂಡತಿಯ ಹೇರ್‌ಪಿನ್ನೇ ಸಾಕಾಯಿತು. ಮೈಬಿಸಿಗೆ ಮನೆಯಲ್ಲಿ ಅತ್ತೆಯಿದ್ದರು. ಊಟವಾಗಿ ಮಲಗಿದರೆ ಮನೆ ಹೊತ್ತಿ ಉರಿದರೂ ಏಳದ ಜೀವ. ಅಳಿಯನಿಗೆ ಅವರು ಮಾಡಲಿದ್ದ ಮೊದಲ ಉಪಕಾರ ಇದು, ಅದೂ ಮಗನ ಅಂಗಡಿ ಸುಡುವುದಕ್ಕೆ.

ಮೂರು ತಿಂಗಳು ತುಂಬಿದ ಮೇಲೆ, ಹೆಂಡತಿ ಗೆಳತಿಯ ಮನೆಗೆ ಹೋದ ಒಂದು ಮಧ್ಯಾಹ್ನ ಪಟ್ಟಿ ಅಳಿಯನ ಕಾಲಿನಿಂದ ಅತ್ತೆಯ ಕಾಲಿಗೆ ಹೋಯಿತು. ಅತ್ತೆ ಗೊರಕೆಯ ಶ್ರುತಿಯನ್ನೂ ಬದಲಿಸಲಿಲ್ಲ. ಬೀಗದಣ್ಣ ತಲೆ ಬಾಚಿಕೊಂಡು, ಮುಖವೆತ್ತಿ, ಕ್ಯಾಮೆರಾಗಳ ಕೆಳಗೇ ನಡೆದ. ನೋಡಲಿ, ಚೆನ್ನಾಗಿ ನೋಡಲಿ. ಎಷ್ಟು ನೋಡಿದರೂ ಅವುಗಳ ಮಾತು ನಡೆಯುವುದಿಲ್ಲ. ಒಂದು ಕಂಬದ ಕೆಳಗೆ ನಿಂತು ಮೀಸೆಯನ್ನೂ ತಿರುವಿದ.

ಊಟದ ಹೊತ್ತು, ಅಂಗಡಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಊರಿಗೆಲ್ಲ ಮುಖದ ಬಾಗಿಲು ಮಾರುವ ಬಾಮೈದ ತನ್ನ ಹಿಂಬಾಗಿಲಿಗೆ ಮಾತ್ರ ಹಳೇ ಹಿತ್ತಾಳೆ ಬೀಗ ಹಾಕಿದ್ದ. ನೋಡಿ ಬೀಗದಣ್ಣನಿಗೆ ಒಂದು ಗಳಿಗೆ ಅವನ ಮೇಲೆ ಪ್ರೀತಿಯೇ ಉಕ್ಕಿತು. ಆಮೇಲೆ ಬೀಗ ತೆರೆದು, ರಟ್ಟಿನ ಪೆಟ್ಟಿಗೆಗಳ ಮೇಲೆ ಥಿನ್ನರ್ ಸುರಿದು, ಕಡ್ಡಿ ಗೀರಿದ. ಅತ್ತೆ ಮಗ್ಗುಲು ಬದಲಿಸುವುದರೊಳಗೆ ಪಟ್ಟಿ ಮತ್ತೆ ಅವನ ಕಾಲಿಗೆ ಬಂದಿತ್ತು.

ಸಂಜೆ ಬಂದದ್ದು ಒಬ್ಬ ಮಹಿಳಾ ಇನ್‌ಸ್ಪೆಕ್ಟರ್. ಹೆಂಡತಿ ತಮ್ಮನ ಅಂಗಡಿ ನೆನೆದು ಒಂದೇ ಸಮನೆ ಅಳುತ್ತಿದ್ದಳು. ಬೀಗದಣ್ಣ ಕೇಳುವ ಮೊದಲೇ ಕಾಲು ಚಾಚಿದ.

"ನಾನು ಮನೆ ಬಿಟ್ಟು ಕದಲೇ ಇಲ್ಲ ಮೇಡಂ. ನನ್ನನ್ನ ನಂಬಬೇಡಿ, ಇದನ್ನ ಕೇಳಿ."

"ಕೇಳಿದ್ವಿ," ಎಂದು ಆಕೆ ಕುರ್ಚಿ ಎಳೆದುಕೊಂಡು ಕೂತರು. "ಕ್ಯಾಮೆರಾದಲ್ಲಿ ನಿಮ್ಮ ಮುಖ ಬಂದಾಗ ನಾವೂ ನಂಬಲಿಲ್ಲ. ಅಷ್ಟು ಒಳ್ಳೆ ದಾಖಲೆ ನಿಮ್ಮದು."

"ಮತ್ತೆ?" ಎಂದು ಬೀಗದಣ್ಣ ನಕ್ಕ.

"ಅದೇ ತೊಂದ್ರೆ ಆಗಿದ್ದು. ಒಂದೂ ತಪ್ಪು ಮಾಡದವರ ಶಿಕ್ಷೆನ ಕಂಪ್ಯೂಟರೇ ಅರ್ಧಕ್ಕೆ ಮುಗಿಸಿಬಿಡುತ್ತೆ. ಇಲ್ಲೀತನಕ ಯಾರಿಗೂ ಆ ಯೋಗ ಬಂದಿರಲಿಲ್ಲ, ಎಲ್ಲರೂ ಪೇಪರ್ ತರೋಕಾದ್ರೂ ಗೇಟ್ ದಾಟ್ತಾರೆ. ನಿಮ್ಮ ಪಟ್ಟಿ ಇವತ್ತು ಬೆಳಿಗ್ಗೆನೇ ಆಫ್ ಆಗಿದೆ. ಮೊಬೈಲಿಗೆ ಮೆಸೇಜ್ ಬಂದಿತ್ತಲ್ಲ, ನೋಡ್ಲಿಲ್ವಾ?" ಜಾಡು ಸಿಗಬಾರದೆಂದು ಬೆಳಗಾಗುವ ಮೊದಲೇ ಆಫ್ ಮಾಡಿಟ್ಟಿದ್ದ ಮೊಬೈಲು ಜೇಬಿನಲ್ಲೇ ಇತ್ತು. ಹೆಂಡತಿಯ ಅಳು ನಿಂತಿತು. ಅವಳು ಗಂಡನ ಮುಖವನ್ನೇ ನೋಡತೊಡಗಿದಳು. ಇನ್‌ಸ್ಪೆಕ್ಟರ್ ಎದ್ದು ನಿಂತರು. "ಬೆಳಿಗ್ಗೆಯಿಂದ ನೀವು ಸ್ವತಂತ್ರರು ಕಣ್ರೀ, ಎಲ್ಲಿಗೆ ಬೇಕಾದ್ರೂ ಹೋಗಬಹುದಿತ್ತು. ಎಲ್ಲಿಗೆ ಹೋದಿರಿ ಅಂತ ಹೇಳೋಕೆ ಈಗ ಉಳಿದಿರೋದು ಕ್ಯಾಮೆರಾ ಒಂದೇ."